ಚಾಲಕನ ಮಗ, ಚಾಲಕನಿಲ್ಲದ ಗಾಡಿ



ಈ ಸಂಚಿಕೆ ಮೂರು ವಾರ ತಡವಾಗಿ ನಿಮ್ಮ ಕೈಸೇರುತ್ತಿದೆ. ತ್ರೈಮಾಸಿಕವೆಂದು ಹೇಳಿಕೊಂಡು ವರ್ಷಕ್ಕೆ ಮೂರೇ ಸಂಚಿಕೆ ತಂದ ಉದಾಹರಣೆಗಳು ನಮ್ಮಲ್ಲಿ ಇರುವುದರಿಂದ ನೀವು ಆಶ್ಚರ್ಯಪಡಲಾರಿರಿ. ಆದರೆ ಈ ಸಲದ ವಿಳಂಬಕ್ಕೆ ಕಾಗದದ ಬೆಲೆಯಾಗಲಿ ಲೇಖಕರ ಸೋಮಾರಿತನವಾಗಲಿ ಕಾರಣವಲ್ಲ. ಪತ್ರಿಕೆಯ ಅಕ್ಷರ ಜೋಡಣೆಯನ್ನೂ ಕರಡು ತಿದ್ದುವ ಕೆಲಸವನ್ನೂ ಎರಡು ವರ್ಷಗಳಿಂದ ಬಿಡಿಗಾಸು ಪಡೆಯದೆ ಮಾಡಿಕೊಡುತ್ತಿರುವ ತರುಣನೊಬ್ಬ, ಚಾಲಕರಹಿತ ಕಾರಿಗೆ ಬೇಕಾದ ಸಾಫ್ಟ್‌ವೇರ್ ತಯಾರಿಸುವ ಕಂಪನಿಯೊಂದರ ಸಂದರ್ಶನಕ್ಕೆ ಸಿದ್ಧನಾಗುತ್ತಿದ್ದ. ಐದು ಸುತ್ತಿನ ಸಂದರ್ಶನ. ಅದು ಮುಗಿದು, ಅವನು ಆಯ್ಕೆಯಾಗಿಲ್ಲವೆಂಬ ಎರಡು ಸಾಲಿನ ಪತ್ರ ಬಂದ ಮೇಲೆಯೇ ನಮ್ಮ ಕರಡುಗಳು ಅಲುಗಾಡಿದವು. ತನ್ನ ಹೆಸರನ್ನಾಗಲಿ ಆ ಕಂಪನಿಯ ಹೆಸರನ್ನಾಗಲಿ ಬರೆಯಕೂಡದೆಂಬ ಷರತ್ತಿನ ಮೇಲೆ ಆ ಐದು ಸುತ್ತುಗಳ ಕಥೆಯನ್ನು ಇಲ್ಲಿ ಹೇಳಲು ಅವನು ನನಗೆ ಒಪ್ಪಿಗೆ ಕೊಟ್ಟಿದ್ದಾನೆ.

ಅವನು ಚಾಮರಾಜನಗರದ ಕಡೆಯವನು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ನಾಲ್ಕು ವರ್ಷಗಳಿಂದ ಹಳೆಯ ಮಹಾಬಲಿಪುರಂ ರಸ್ತೆಯ ಕಚೇರಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಿದ್ದಾನೆ. ಅವನ ತಂದೆ ರಾಜ್ಯ ರಸ್ತೆ ಸಾರಿಗೆಯ ಬಸ್ಸಿನ ಚಾಲಕರು. ಚಾಮರಾಜನಗರದಿಂದ ಹಾಸನೂರು, ದಿಂಬಂ ದಾಟಿ ಸತ್ಯಮಂಗಲಕ್ಕೆ ಇಳಿಯುವ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸು ನಡೆಸಿದವರು. ಆ ಘಾಟಿಯಲ್ಲಿ ಕೂದಲಪಿನ್ನಿನಂಥ ತಿರುವುಗಳು ಇಪ್ಪತ್ತೇಳು. ಮೇಲೆ ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿಗಳನ್ನು ಆನೆಗಳು ತಡೆದು ನಿಲ್ಲಿಸಿ ಸುಂಕ ವಸೂಲಿ ಮಾಡುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ಬಲ್ಲರು. ಮಗ ಚಾಲಕನೇ ಬೇಡವಾದ ಗಾಡಿಯನ್ನು ಕಟ್ಟುವ ಕೆಲಸಕ್ಕೆ ಅರ್ಜಿ ಹಾಕಿದ್ದಾನೆಂದು ತಿಳಿದಾಗ ಆ ಹಿರಿಯರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾ ರಿಟೈರ್ ಆಗೋಗಂಟ ಅದು ದಿಂಬಂ ಅತ್ತಾಕಿಲ್ಲ ಕನ ಮಗ, ನೀ ಓಗಿದ್ದು ಬಾ."

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಚೆನ್ನೈಯ ಬೀದಿಗಳಲ್ಲಿ ಚಾಲಕನಿಲ್ಲದ ಕಾರುಗಳು ಓಡಾಡುತ್ತಿವೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಇಲ್ಲಿ ನಡೆಯುವುದು ದೂರದ ಗಾಡಿಗಳಿಗೆ ಬುದ್ಧಿ ತುಂಬುವ ಕೆಲಸ. ಎಣ್ಣೂರಿನಲ್ಲಿ ಲಾರಿ, ಇರುಂಗಾಟ್ಟುಕೋಟೈಯಲ್ಲಿ 1998ರಿಂದ ಕೊರಿಯದ ಕಾರು, ಮರೈಮಲೈನಗರದಲ್ಲಿ 2022ರವರೆಗೆ ಅಮೆರಿಕದ ಕಾರು, ಹೀಗೆ ವಾಹನಗಳ ಮೈಯನ್ನು ತಯಾರಿಸಿದ ಊರು ಇದು. ಮರೈಮಲೈನಗರದಿಂದ ಫೋರ್ಡ್ ಕಂಪನಿಯ ಕೊನೆಯ ಕಾರು ಹೊರಬಿದ್ದ ಮೇಲೂ ಅದೇ ಕಂಪನಿಯ ತಾಂತ್ರಿಕ ಕೇಂದ್ರ ಷೋಲಿಂಗನಲ್ಲೂರಿನಲ್ಲಿ ಉಳಿದುಕೊಂಡಿತು. ಕೈಗೆ ಎಣ್ಣೆ ಮೆತ್ತಿಕೊಳ್ಳುವ ಕೆಲಸ ಹೋಗಿ, ಪರದೆಯ ಮುಂದೆ ಕೂರುವ ಕೆಲಸ ನಿಂತಿತು. ಮುಂದಿನ ವಾಹನಕ್ಕೆ ಹತ್ತಿರವಾದಾಗ ತಾನಾಗಿ ಬ್ರೇಕು ಹಾಕುವ, ಗೆರೆ ದಾಟಿದಾಗ ಎಚ್ಚರಿಸುವ ಸಹಾಯಕ ವ್ಯವಸ್ಥೆಗಳಿಂದ ಹಿಡಿದು ಪೂರ್ಣ ಚಾಲಕರಹಿತ ವಾಹನದವರೆಗಿನ ಕೆಲಸದ ತುಣುಕುಗಳು ಇಲ್ಲಿಗೂ ಬೆಂಗಳೂರಿಗೂ ಬರುತ್ತವೆ. ಆ ತುಣುಕುಗಳಿಗೆ ಸಾಲುಗಟ್ಟಿ ನಿಂತಿರುವವರು ನಮ್ಮ ಮಕ್ಕಳು.

ನನ್ನ ಕಾಲದ ಸಂದರ್ಶನ ನೆನಪಾಗುತ್ತದೆ. 1976ರಲ್ಲಿ ತುಮಕೂರಿನಿಂದ ಡಿಪ್ಲೊಮಾ ಕಾಗದ ಹಿಡಿದು, ಬೃಂದಾವನ ಎಕ್ಸ್‌ಪ್ರೆಸ್ಸಿನಲ್ಲಿ ಮದರಾಸಿಗೆ ಬಂದೆ. ಅಂಬತ್ತೂರು ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ, ಮೇಸ್ತ್ರಿಯೊಬ್ಬರು ಒಂದು ಕಬ್ಬಿಣದ ತುಂಡನ್ನೂ ಅರವನ್ನೂ ಕೊಟ್ಟು ಚೌಕ ಮಾಡೆಂದರು. ಒಂದೂವರೆ ಗಂಟೆ ಉಜ್ಜಿದೆ. ಅವರು ವರ್ನಿಯರ್ ಹಿಡಿದು ನಾಲ್ಕೂ ಬದಿ ಅಳೆದು, ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿದರು. ನನಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ನನ್ನ ಕೈಗೆ ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎಂಬುದು ಇಬ್ಬರಿಗೂ ನಿಚ್ಚಳವಾಗಿ ತಿಳಿದಿತ್ತು. ಕೆಲಸ ಸಿಕ್ಕಿದ ಸಂಭ್ರಮಕ್ಕೆ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್‌ಗೆ ಹೋಗಿ, ಕಾರಿನಲ್ಲೇ ಕುಳಿತು ತಿನ್ನುವವರ ನಡುವೆ ಕಾರಿಲ್ಲದೆ ಕುಳಿತು ದೋಸೆ ತಿಂದೆ. (1962ರಲ್ಲಿ ಆರಂಭವಾದ ಆ ಜಾಗ 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಉದ್ಯಾನವಿದೆ.)

ಆ ಕಾಲವನ್ನು ಹೊಗಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅರ ಹಿಡಿಯುವುದಕ್ಕೆ ಮುಂಚೆ ಕಚೇರಿಯಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಅಪ್ಪ ಏನು ಮಾಡುತ್ತಾರೆ ಎಂಬುದಾಗಿತ್ತು. ಎರಡನೆಯದು ಊರು ಯಾವುದು, ಯಾರ ಬೀದಿ ಎಂಬುದು. ಇನಿಷಿಯಲ್ಲು, ಊರು, ಅಪ್ಪನ ಕಸುಬು, ಈ ಮೂರನ್ನು ಕೂಡಿಸಿ ಜಾತಿಯ ಮೊತ್ತ ತೆಗೆಯುವ ಗಣಿತದಲ್ಲಿ ಆ ತಲೆಮಾರಿನ ಅಧಿಕಾರಿಗಳು ನಿಷ್ಣಾತರಾಗಿದ್ದರು. ಎಷ್ಟು ಜನರ ಕೈಗೆ ಅರ ತಲುಪಲೇ ಇಲ್ಲವೋ ಯಾರು ಬಲ್ಲರು. ಇಂದಿನ ಸಂದರ್ಶನ ಅಪ್ಪನ ಕಸುಬನ್ನು ಕೇಳುವುದಿಲ್ಲ. ಇದು ದೊಡ್ಡ ಮುನ್ನಡೆಯೆಂದು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ನನ್ನನ್ನು ಕಾಡುತ್ತಿರುವ ಸಂಗತಿಯೊಂದಿದೆ.

ಮೊದಲ ಸುತ್ತು ದೂರವಾಣಿಯಲ್ಲಿ ಅರ್ಧ ಗಂಟೆ. ಎರಡನೆಯದು ಕಂಪ್ಯೂಟರಿನ ಮುಂದೆ ಒಂಟಿಯಾಗಿ ಕುಳಿತು ಬರೆಯುವ ಪರೀಕ್ಷೆ; ಅಭ್ಯರ್ಥಿ ಕಣ್ಣು ಅತ್ತಿತ್ತ ಹೊರಳಿಸಿದರೂ ಕ್ಯಾಮೆರಾ ಗುರುತು ಹಾಕಿಕೊಳ್ಳುತ್ತದೆಯಂತೆ. ಇವಕ್ಕಾಗಿ ಅವನು ಓದುತ್ತಿದ್ದ ಹಸಿರು ಹೊದಿಕೆಯ ದಪ್ಪ ಪುಸ್ತಕ, ಅಮೆರಿಕದ ಮಹಿಳೆಯೊಬ್ಬರು ಬರೆದ 'ಕ್ರ್ಯಾಕಿಂಗ್ ದಿ ಕೋಡಿಂಗ್ ಇಂಟರ್‌ವ್ಯೂ', ನಮ್ಮ ಗ್ರಂಥಾಲಯದ ಮೇಜಿನ ಮೇಲೆ ಪಂಪಭಾರತದ ಪಕ್ಕದಲ್ಲಿ ವಾರಗಟ್ಟಲೆ ಬಿದ್ದಿತ್ತು. ಅದರಲ್ಲಿ 189 ಪ್ರಶ್ನೆಗಳು. ಹಿಂದೆ ನಾವು ಗೈಡುಗಳನ್ನು ಉರು ಹಾಕಿದಂತೆಯೇ ಈ ಮಕ್ಕಳು ಇದನ್ನು ಉರು ಹಾಕುತ್ತಾರೆ. ಶಾಲಾ ಬಸ್ಸಿನೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ ಎಂಬ ಜಾತಿಯ ಒಗಟುಗಳು ಒಂದು ಕಾಲಕ್ಕೆ ಇಂಥ ಸಂದರ್ಶನಗಳ ಶೋಭೆಯಾಗಿದ್ದವು. ಅವುಗಳಿಂದ ನಯಾಪೈಸೆಯ ಪ್ರಯೋಜನವಿಲ್ಲವೆಂದು ಗೂಗಲ್ಲಿನ ನೇಮಕಾತಿಯ ಮುಖ್ಯಸ್ಥರೇ 2013ರಲ್ಲಿ ಒಪ್ಪಿಕೊಂಡರು. ಆದುದರಿಂದ ಇಂದಿನ ಪದ್ಧತಿಯೂ ಶಿಲಾಶಾಸನವೇನಲ್ಲ.

ಮುಖ್ಯವಾದವು ಕೊನೆಯ ಮೂರು ಸುತ್ತುಗಳು. ಒಂದೇ ದಿನ, ಷೋಲಿಂಗನಲ್ಲೂರಿನಾಚೆಯ ಗಾಜಿನ ಕಟ್ಟಡದಲ್ಲಿ, ತಲಾ ಮುಕ್ಕಾಲು ಗಂಟೆ. ಮೊದಲನೆಯದರಲ್ಲಿ ಅಡೆತಡೆಗಳಿರುವ ಚೌಕಳಿಯಲ್ಲಿ ಒಂದು ಮೂಲೆಯಿಂದ ಇನ್ನೊಂದಕ್ಕೆ ಅತಿ ಕಡಿಮೆ ದೂರದ ದಾರಿ ಹುಡುಕುವ ಲೆಕ್ಕ. 1968ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಮೂವರು, ಶೇಕಿ ಎಂಬ ಚಲಿಸುವ ಯಂತ್ರಕ್ಕಾಗಿ ಕಂಡುಹಿಡಿದ ವಿಧಾನವನ್ನು ಬರೆದು ತೋರಿಸಬೇಕು. ಇದನ್ನು ಅವನು ಚೆನ್ನಾಗಿಯೇ ಮಾಡಿದ.

ಎರಡನೆಯದರಲ್ಲಿ ಕಾಲ್ಮನ್ ಫಿಲ್ಟರ್ ಎಂಬುದನ್ನು ವಿವರಿಸಬೇಕಾಗಿತ್ತು. ಹಂಗೆರಿಯಲ್ಲಿ ಹುಟ್ಟಿದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಈ ಗಣಿತ ಚಂದ್ರನತ್ತ ಹೋದ ಅಪೋಲೊ ನೌಕೆಗಳಿಗೆ ದಾರಿ ತಿಳಿಯಲು ನೆರವಾಯಿತು. ಇಂದು ಕಾರಿಗೂ ನೆರವಾಗುತ್ತದೆ. ಅವನು ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಪಾರಿಭಾಷಿಕ ಪದಗಳ ನಡುವೆ ತೊಡರಿದ. ಮಾರನೆಯ ದಿನ ನಾನು, "ಅದೇನಯ್ಯ ಅದು, ನನಗೂ ಸ್ವಲ್ಪ ತಿಳಿಸು" ಎಂದಾಗ ಮೊದಲು ಅದೇ ಇಂಗ್ಲಿಷಿನಲ್ಲಿ ಶುರು ಮಾಡಿದ. ನನಗೆ ಅರ್ಥವಾಗಲಿಲ್ಲ. ಆಮೇಲೆ ಕನ್ನಡಕ್ಕೆ ಹೊರಳಿ ಹೇಳಿದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ:

"ದಿಂಬಂ ಘಾಟಿಯಲ್ಲಿ ಮಂಜು ಕವಿದಿದೆ ಅಂದ್ಕೊಳಿ ಸಾರ್. ಬಸ್ಸು ಇಪ್ಪತ್ತರ ವೇಗದಲ್ಲಿ ಇಳೀತಿದೆ. ಹಿಂದಿನ ತಿರುವು ದಾಟಿ ಅರ್ಧ ನಿಮಿಷ ಆಯ್ತು, ಹಾಗಾದ್ರೆ ಮುಂದಿನ ತಿರುವು ಇನ್ನು ಇಷ್ಟು ದೂರ ಇರಬೇಕು. ಇದು ಅಪ್ಪನ ತಲೆಯೊಳಗಿನ ಲೆಕ್ಕ. ಅಷ್ಟರಲ್ಲಿ ಮಂಜಿನೊಳಗೆ ಸುಣ್ಣ ಬಳಿದ ಕಲ್ಲು ಮಸುಕಾಗಿ ಕಾಣುತ್ತೆ. ಅದು ಕಣ್ಣಿನ ಸಾಕ್ಷಿ. ಎರಡೂ ತಾಳೆ ಆಗಲ್ಲ. ಯಾವುದನ್ನ ನಂಬೋದು? ಮಂಜು ದಟ್ಟವಾಗಿದ್ರೆ ಲೆಕ್ಕಾನ ಜಾಸ್ತಿ ನಂಬ್ತಾರೆ, ತಿಳಿಯಾದ್ರೆ ಕಣ್ಣನ್ನ. ಯಾವುದನ್ನೂ ಪೂರ್ತಿ ನಂಬಲ್ಲ, ಯಾವುದನ್ನೂ ಪೂರ್ತಿ ಬಿಡಲ್ಲ. ಯಾವುದನ್ನ ಎಷ್ಟು ನಂಬಬೇಕು ಅನ್ನೋದನ್ನ ಕ್ಷಣಕ್ಷಣಕ್ಕೂ ಹೊಸದಾಗಿ ತೂಗ್ತಾನೇ ಇರೋದು. ಅಷ್ಟೇ ಸಾರ್ ಕಾಲ್ಮನ್."

ಎಪ್ಪತ್ತು ದಾಟಿದ ನನಗೆ ಐದು ನಿಮಿಷದಲ್ಲಿ ಅರ್ಥವಾಯಿತು. ಯಾವ ವಿಶ್ವವಿದ್ಯಾಲಯದ ವಿಜ್ಞಾನಮಾಲೆಯಲ್ಲೂ ಇಷ್ಟು ಸ್ವಚ್ಛವಾದ ಕನ್ನಡ ವಿವರಣೆಯನ್ನು ನಾನು ಓದಿರಲಿಲ್ಲ. ಇದನ್ನೇ ಅಲ್ಲಿ ಹೇಳಬಾರದಾಗಿತ್ತೆ ಎಂದು ಕೇಳಿದೆ. "ಅಲ್ಲಿ ಬಸ್ಸು ನೆನಪಿಗೆ ಬರಲಿಲ್ಲ ಸಾರ್, ಬುಕ್ಕು ಬಂತು" ಎಂದ.

ಈ ಸಂದರ್ಶನಗಳಲ್ಲಿ ಒಂದು ನಿಯಮವಿದೆಯಂತೆ. ಉತ್ತರ ಬಂದರೆ ಸಾಲದು, ಯೋಚಿಸುತ್ತಿರುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಲೇ ಬರೆಯಬೇಕು. ಮೌನವಾಗಿ ಕುಳಿತರೆ ಅಂಕ ಹೋಯಿತು. ಉತ್ತರಕ್ಕಿಂತ ಯೋಚನೆಯ ಕ್ರಮವನ್ನು ನೋಡುವುದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಕನ್ನಡದಲ್ಲಿ ಯೋಚಿಸುವವನು ಇಂಗ್ಲಿಷಿನಲ್ಲಿ ಬಾಯಿಬಿಡಬೇಕಾದಾಗ ಪರೀಕ್ಷಕನ ಕಿವಿಗೆ ಬೀಳುವುದು ಯೋಚನೆಯಲ್ಲ, ಅವಸರದ ಅನುವಾದ. ಮುಕ್ಕಾಲು ಗಂಟೆಯಲ್ಲಿ ಎಷ್ಟು ನಿಮಿಷ ಆ ಅನುವಾದಕ್ಕೆ ಖರ್ಚಾಗುತ್ತದೆಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ಕಾನ್ವೆಂಟಿನಲ್ಲಿ ಓದಿದ ಮಗುವಿಗೆ ಈ ಖರ್ಚೇ ಇಲ್ಲ. ಇದು ಕನ್ನಡಿಗನಿಗೆ ಮಾತ್ರ ಒದಗಿದ ಕಷ್ಟವೆಂದು ಎದೆ ಬಡಿದುಕೊಳ್ಳುವ ಅಗತ್ಯವೂ ಇಲ್ಲ. ಅಂದು ಅದೇ ಬೆಂಚಿನಲ್ಲಿ ಇವನ ಪಕ್ಕದಲ್ಲಿ ಕುಳಿತಿದ್ದ ತಿರುನೆಲ್ವೇಲಿ ಕಡೆಯ ಹುಡುಗನೂ, ಕಡಪದ ಹುಡುಗಿಯೂ ತಮ್ಮ ತಮ್ಮ ಭಾಷೆಯಲ್ಲಿ ತುಟಿಯಲುಗಿಸುತ್ತ ಇಂಗ್ಲಿಷಿನ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದರಂತೆ.

ಇನ್ನು ಐದನೆಯ ಸುತ್ತು. ಎದುರಿಗೆ ಒಬ್ಬ ತಮಿಳು ಇಂಜಿನಿಯರ್, ಗೋಡೆಯ ಪರದೆಯ ಮೇಲೆ ಕ್ಯಾಲಿಫೋರ್ನಿಯದಿಂದ ಇನ್ನೊಬ್ಬರು. ಈ ಕೆಲಸಕ್ಕೆ ಏಕೆ ಬರಬಯಸುತ್ತೀರಿ ಎಂಬ ಪ್ರಶ್ನೆಗೆ ಇವನು ಸಿದ್ಧಪಡಿಸಿಕೊಂಡಿದ್ದ ಉತ್ತರ ಕೊಟ್ಟ: 2022 ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಈ ಸಾವುಗಳನ್ನು ತಗ್ಗಿಸುವ ಕೆಲಸದಲ್ಲಿ ಪಾಲ್ಗೊಳ್ಳಬೇಕು. ಸುಳ್ಳಲ್ಲ. ಆಮೇಲೆ ಒಂದು ಸನ್ನಿವೇಶ. ಸಿಗ್ನಲ್ ಇಲ್ಲದ ಕೂಡುರಸ್ತೆ, ಅಂಚಿನಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಅವನು ದಾಟುತ್ತಾನೋ ಇಲ್ಲವೋ ಎಂಬುದನ್ನು ನಿಮ್ಮ ಗಾಡಿ ಹೇಗೆ ತಿಳಿಯಬೇಕು?

ಈ ಪ್ರಶ್ನೆಗೆ ಅವನು ಪುಸ್ತಕ ಮರೆತು ಉತ್ತರಿಸಿದ. ಮುಖ ನೋಡಬಾರದು, ಕಾಲು ನೋಡಬೇಕು. ಮುಖ ಒಂದು ಕಡೆ ತಿರುಗಿರುತ್ತದೆ, ಮನಸ್ಸು ಇನ್ನೊಂದು ಕಡೆ ಹೊರಟಿರುತ್ತದೆ. ಹಿಮ್ಮಡಿ ನೆಲ ಬಿಟ್ಟಿತೆಂದರೆ ದಾಟುವುದು ಖಚಿತ ಎಂದ. ತಮಿಳು ಇಂಜಿನಿಯರ್ ಮುಖವರಳಿಸಿ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರಂತೆ. "ಒಬ್ಬ ಅನುಭವಿ ಚಾಲಕರಿಂದ" ಎಂದು ಇವನು ಉತ್ತರಿಸಿದ.

ಅಪ್ಪ ಎಂದು ಹೇಳಲಿಲ್ಲವೆ ಎಂದು ಕೇಳಿದೆ.

"ಬಾಯಿಗೆ ಬಂತು ಸಾರ್. ಇವರ ಗಾಡಿ ಓಡಿದ ದಿನ ಅಪ್ಪನಂಥೋರ ಕೆಲಸ ಇರಲ್ಲ ಅನ್ನೋದೂ ಜೊತೇಲೇ ಬಂತು. ಅವರ ಹತ್ರ ಕಲಿತದ್ದನ್ನ ಇಲ್ಲಿ ಮಾರ್ತಾ ಇದೀನಿ ಅನ್ನಿಸ್ತು. ಅದಕ್ಕೇ ನುಂಗಿಕೊಂಡೆ."

ಅಪ್ಪನ ಕಸುಬು ಕೇಳದ ಸಂದರ್ಶನದಲ್ಲಿ ಅಪ್ಪನ ವಿದ್ಯೆಯನ್ನು ಮುಂದಿಟ್ಟು ಅಪ್ಪನನ್ನು ಬಚ್ಚಿಟ್ಟ ಈ ಹುಡುಗನ ಸಂಕಟಕ್ಕೆ ನಾನು ಏನು ಹೇಳಲಿ? ಅಂದು ರಾತ್ರಿ ಏನನ್ನೂ ಹೇಳಲಿಲ್ಲ. ಇಬ್ಬರೂ ಪಾನಗಲ್ ಪಾರ್ಕಿನವರೆಗೆ ನಡೆದು ಹೋಗಿ ಕಾಫಿ ಕುಡಿದೆವು.

ಅವನು ಸೋತದ್ದು ಮುಂದಿನ ಪ್ರಶ್ನೆಯಲ್ಲಿ. ಪರದೆಯ ಮೇಲಿದ್ದವರು ಕೇಳಿದರು: ಹಿಮ್ಮಡಿ ನೆಲ ಬಿಟ್ಟದ್ದು ಕ್ಯಾಮೆರಾಕ್ಕೆ ಎಷ್ಟು ದೂರದಿಂದ ಕಾಣಬೇಕು? ಎಷ್ಟು ಸಲ ತಪ್ಪಿದರೆ ನೀವು ಸಹಿಸುತ್ತೀರಿ? ಅದನ್ನು ಪರೀಕ್ಷಿಸುವುದು ಹೇಗೆ? ಇದು ಅನ್ಯಾಯದ ಪ್ರಶ್ನೆಯಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನಲವತ್ತು ವರ್ಷ ವರ್ನಿಯರ್ ಹಿಡಿದವನು ಅಳತೆ ಕೇಳುವವರನ್ನು ದೂರಲಾರ. ಇವನು ತಡವರಿಸಿದ. ಅದೇ ಪ್ರಶ್ನೆಗೆ ಪಾನಗಲ್ ಪಾರ್ಕಿನ ಬಳಿ, ಕನ್ನಡದಲ್ಲಿ, ಕೈಯಲ್ಲಿ ಲೋಟ ಹಿಡಿದು ಉತ್ತರ ಹೇಳಿದ. ಗಂಟೆಗೆ ನಲವತ್ತು ಕಿಲೋಮೀಟರೆಂದರೆ ಸೆಕೆಂಡಿಗೆ ಹನ್ನೊಂದು ಮೀಟರು. ತೀರ್ಮಾನಕ್ಕೆ ಒಂದು ಸೆಕೆಂಡು ತಡವಾದರೆ ಗಾಡಿ ಹೆಚ್ಚುಕಡಿಮೆ ಒಂದು ಬಸ್ಸಿನುದ್ದ ಮುಂದೆ ಹೋಗಿರುತ್ತದೆ, ಬ್ರೇಕು ಹಿಡಿಯುವುದು ಆಮೇಲಿನ ಮಾತು. ಆದುದರಿಂದ ಹಿಮ್ಮಡಿ ಅದಕ್ಕೂ ಆಚೆಯಿಂದ ಕಾಣಬೇಕು. ಸುಮ್ಮಸುಮ್ಮನೆ ಬ್ರೇಕು ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನೆ, ಹಾಕದಿದ್ದರೆ ಮುಂದಿನವನು ಸಾಯುತ್ತಾನೆ. ಎರಡು ತಪ್ಪುಗಳ ತೂಕ ಒಂದೇ ಅಲ್ಲ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಮಿತಿ ಇಡಬೇಕು. ಕೇಳಿದ್ದಕ್ಕೆಲ್ಲ ಉತ್ತರ ಅಲ್ಲಿತ್ತು. ಹೊತ್ತು ಮೀರಿತ್ತು, ಭಾಷೆ ಬೇರೆಯಾಗಿತ್ತು.

ಹಿಮ್ಮಡಿಯ ಮಾತು ಬರಿಯ ಜನಪದ ಜಾಣ್ಮೆಯೆಂದು ಕೆಲವು ಓದುಗರು ನಗಬಹುದು. ಅವರು 2018ರ ಮಾರ್ಚ್ 18ರ ರಾತ್ರಿಯನ್ನು ನೆನೆಯಬೇಕು. ಅಮೆರಿಕದ ಅರಿಜೋನ ರಾಜ್ಯದ ಟೆಂಪಿ ನಗರದಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್ ಕಂಪನಿ ಪರೀಕ್ಷಿಸುತ್ತಿದ್ದ ಸ್ವಯಂಚಾಲಿತ ಕಾರು ಡಿಕ್ಕಿ ಹೊಡೆದು ಆಕೆ ಸತ್ತಳು. ಆ ದೇಶದ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆಯಿಂದ ಹೊರಬಂದ ಸಂಗತಿ ಮೈ ನಡುಗಿಸುವಂಥದು. ಡಿಕ್ಕಿಗೆ 5.6 ಸೆಕೆಂಡು ಮುಂಚೆಯೇ ಯಂತ್ರಕ್ಕೆ ಆಕೆ ಕಂಡಿದ್ದಳು. ಕಂಡದ್ದು ಏನೆಂದು ಮಾತ್ರ ಅದಕ್ಕೆ ತೀರ್ಮಾನವಾಗಲಿಲ್ಲ: ಒಮ್ಮೆ ವಾಹನ, ಒಮ್ಮೆ ಬೇರೇನೋ ವಸ್ತು, ಒಮ್ಮೆ ಸೈಕಲ್ಲು. ಪ್ರತಿ ಸಲ ಹೆಸರು ಬದಲಾದಾಗಲೂ ಆಕೆಯ ನಡಿಗೆಯ ಹಿಂದಿನ ಲೆಕ್ಕ ಅಳಿಸಿಹೋಗುತ್ತಿತ್ತು. ದಾಟುವ ಪಟ್ಟಿಯಿಲ್ಲದ ಕಡೆಯೂ ಮನುಷ್ಯರು ರಸ್ತೆ ದಾಟಬಹುದೆಂಬ ಕಲ್ಪನೆಯೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಒಳಗೆ ಕುಳಿತಿದ್ದ ಮೇಲ್ವಿಚಾರಕಿಯ ಕಣ್ಣು ಫೋನಿನಲ್ಲಿತ್ತು. ರಂಗನಾಥನ್ ಬೀದಿಯ ತಿರುವಿನಲ್ಲಿ ಒಂದು ಸಂಜೆ ನಿಂತು ನೋಡಿದವರಿಗೆ ಆ ಕಲ್ಪನೆಯ ಕೊರತೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಸ್ತೆಗಳನ್ನು ಯಂತ್ರಕ್ಕೆ ಪರಿಚಯಿಸುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಹೈದರಾಬಾದಿನ ಐಐಐಟಿಯೂ ಇಂಟೆಲ್ ಕಂಪನಿಯೂ ಕೂಡಿ 2018ರಲ್ಲಿ ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳ ಸುಮಾರು ಹತ್ತು ಸಾವಿರ ಚಿತ್ರಗಳನ್ನು ಗುರುತು ಹಚ್ಚಿ ಸಂಶೋಧಕರಿಗೆ ಒದಗಿಸಿದವು. ಗುರುತಿಸಿದ 34 ಬಗೆಗಳಲ್ಲಿ ಆಟೋರಿಕ್ಷಾ ಇದೆ, ಪ್ರಾಣಿ ಇದೆ. ಯುರೋಪಿನ ಪಟ್ಟಿಗಳಲ್ಲಿ ಇವಕ್ಕೆ ಜಾಗವಿರಲಿಲ್ಲ. ಆದರೆ ಆಟೋ ಎಂಬ ಹೆಸರು ತಿಳಿದ ಮಾತ್ರಕ್ಕೆ, ಎಡಗೈ ಹೊರಚಾಚಿದ ಆಟೋದವನು ಬಲಕ್ಕೆ ತಿರುಗುವನೋ, ಉಗುಳುವನೋ, ಹಿಂದಿನವನಿಗೆ ಹೋಗೆಂದು ಹೇಳುತ್ತಿರುವನೋ ಎಂಬುದು ತಿಳಿಯುವುದೆ? ಆ ಅರ್ಥಕೋಶ ಇರುವುದು ಚಾಲಕರ ತಲೆಯಲ್ಲಿ. ಅದನ್ನು ಯಂತ್ರದ ಭಾಷೆಗೆ ತರಬಲ್ಲವರು ಆ ಚಾಲಕರ ಮಕ್ಕಳೇ. ಬಾಗಿಲಿನಲ್ಲಿ ಅವರನ್ನು ತಡೆಯುತ್ತಿರುವುದು ಇಂಗ್ಲಿಷಿನಲ್ಲಿ ತಡವರಿಸಿದರೆಂಬ ಕಾರಣವಾದರೆ ನಷ್ಟ ಯಾರದು? ಪತ್ರದಲ್ಲಿ ಕಾರಣ ಕೊಟ್ಟಿರಲಿಲ್ಲವಾದ್ದರಿಂದ ಇದು ನನ್ನ ಊಹೆ. ಕಾರಣ ಹೇಳದಿರುವುದೂ ಈ ಪದ್ಧತಿಯ ಒಂದು ಲಕ್ಷಣ. ನನ್ನ ಮೇಸ್ತ್ರಿ ಚೌಕ ತಪ್ಪಿದವರಿಗೆ ತಪ್ಪಿದ ಬದಿಯನ್ನು ಬೆರಳಿಟ್ಟು ತೋರಿಸಿ ಕಳಿಸುತ್ತಿದ್ದರು.

ಚಾಲಕರ ಹೊಟ್ಟೆಪಾಡಿನ ಪ್ರಶ್ನೆಗೆ ನನ್ನಲ್ಲಿ ನೇರ ಉತ್ತರವಿಲ್ಲ. ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2017ರಲ್ಲೂ, 2023ರ ಡಿಸೆಂಬರಿನಲ್ಲಿ ಮತ್ತೊಮ್ಮೆಯೂ, ಲಕ್ಷಾಂತರ ಚಾಲಕರ ಕೆಲಸ ಕಸಿಯುವ ಇಂಥ ಕಾರುಗಳಿಗೆ ಭಾರತದಲ್ಲಿ ಎಡೆಗೊಡುವುದಿಲ್ಲವೆಂದು ಘೋಷಿಸಿದರು. ಘೋಷಣೆ ಕೇಳಲು ಹಿತ. ಆದರೆ ಅದೇ ಯಂತ್ರದ ಮಿದುಳನ್ನು ನಮ್ಮ ಊರುಗಳಲ್ಲಿ ಕಟ್ಟಿ ಹೊರದೇಶಕ್ಕೆ ಕಳಿಸಲು ಅಡ್ಡಿಯಿಲ್ಲ. ಅಲ್ಲಿನ ಚಾಲಕನೂ ಯಾರದೋ ಅಪ್ಪನೇ. ಈ ಉದ್ಯಮವಾದರೂ ಗಾಳಿಗೊಡ್ಡಿದ ದೀಪ. ಫೋರ್ಡ್ ಮತ್ತು ಫೋಕ್ಸ್‌ವ್ಯಾಗನ್ ಹಣ ಹೂಡಿದ್ದ ಆರ್ಗೊ ಕಂಪನಿ 2022ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಕ್ರೂಸ್ ಕಂಪನಿಯ ಬಾಡಿಗೆ ಕಾರಿನ ಯೋಜನೆಗೆ ಜನರಲ್ ಮೋಟಾರ್ಸ್ 2024ರ ಡಿಸೆಂಬರಿನಲ್ಲಿ ಹಣ ನಿಲ್ಲಿಸಿತು. ಇನ್ನೊಂದೆಡೆ ವೇಮೋ ಕಂಪನಿಯ ಕಾರುಗಳು 2020ರಿಂದ ಫೀನಿಕ್ಸ್ ನಗರದಲ್ಲಿ ಚಾಲಕರಿಲ್ಲದೆ ಜನರನ್ನು ಒಯ್ಯತೊಡಗಿದವು. ಅಪ್ಪನ ಕೆಲಸ ಮೊದಲು ಹೋಗುತ್ತದೋ ಮಗನದೋ ಯಾರೂ ಹೇಳಲಾರರು.

ನಮ್ಮ ಸಂಘಟನೆಗಳ ಮಾತಿಗೆ ಬರುತ್ತೇನೆ. ಕನ್ನಡಿಗರಿಗೆ ಉದ್ಯೋಗ ಎಂಬ ಕೂಗು ಹಳೆಯದು. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತು. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ, ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಇತರ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಹುಬ್ಬೇರಿಸಿದೊಡನೆ ಎರಡೇ ದಿನದಲ್ಲಿ ತಡೆಹಿಡಿಯಿತು. ತಮಿಳರ ನಾಡಿನಲ್ಲಿ ಅರ್ಧ ಶತಮಾನ ಅನ್ನ ತಿಂದಿರುವ ನಾವು, ಸ್ಥಳೀಯ ಎಂಬ ಮಾತು ಕೇಳಿದಾಗ ಬೆಂಗಳೂರಿನವರಷ್ಟು ಸಲೀಸಾಗಿ ಚಪ್ಪಾಳೆ ತಟ್ಟಲಾರೆವು. ಇದೇ ಅಳತೆ ಇಲ್ಲಿ ಬಂದಿದ್ದರೆ 1976ರಲ್ಲಿ ನನ್ನ ಕೈಗೆ ಅರ ಬರುತ್ತಿರಲಿಲ್ಲ. ಅದರ ಜೊತೆಗೆ, ಶೇಕಡಾವಾರು ಪಾಲು ಬಾಗಿಲವರೆಗೆ ಕರೆದೊಯ್ಯಬಹುದು. ಒಳಗೆ ಮುಕ್ಕಾಲು ಗಂಟೆ ಬಾಯಿಬಿಟ್ಟು ಯೋಚಿಸುವ ಶಕ್ತಿಯನ್ನು ಯಾವ ಮಸೂದೆಯೂ ಕೊಡಲಾರದು. ಆ ಶಕ್ತಿಯನ್ನು ಬೆಳೆಸಲು ನಾವೇನು ಮಾಡಿದ್ದೇವೆ? ನಮ್ಮ ಸಂಘವನ್ನೇ ನೋಡಿ. ರಾಜ್ಯೋತ್ಸವದಂದು ಬಾವುಟ, ವಾದ್ಯಗೋಷ್ಠಿ, ಬಿಸಿಬೇಳೆಭಾತು. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಒಬ್ಬ ಸಾಹಿತಿ, ಶಾಲು, ಹಾರ. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ತಯಾರಾದ ಕನ್ನಡ ಚಿತ್ರಗಳನ್ನೂ ವಡಪಳನಿಯಿಂದ ಬರುತ್ತಿದ್ದ ಕನ್ನಡ ಚಂದಮಾಮವನ್ನೂ ನೆನೆದು ಕಣ್ಣೊರೆಸಿಕೊಳ್ಳುವುದು. ಗ್ರಂಥಾಲಯದ ಮೇಜಿನಲ್ಲಿ ಎರಡು ವರ್ಷ ನಮ್ಮ ಕರಡು ತಿದ್ದುತ್ತ ಕುಳಿತ ಹುಡುಗನಿಗೆ ಕಾಲ್ಮನ್ ಕನ್ನಡದಲ್ಲಿ ಗೊತ್ತಿದೆಯೆಂಬುದು ನಮಗೇ ಗೊತ್ತಿರಲಿಲ್ಲ.

ಸಮಿತಿಯ ಕಳೆದ ಸಭೆಯಲ್ಲಿ ನಾನೊಂದು ಸಲಹೆ ಮುಂದಿಟ್ಟೆ. ಸ್ವಲ್ಪ ಗೊಣಗಾಟದ ನಂತರ ಅಂಗೀಕಾರವಾಯಿತು. ಇನ್ನು ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಗ್ರಂಥಾಲಯದ ಕೋಣೆ ಸಂದರ್ಶನಕ್ಕೆ ಹೋಗುವ ತರುಣ ತರುಣಿಯರದು. ಮೊದಲು ಲೆಕ್ಕವನ್ನು ಅವರವರ ಭಾಷೆಯಲ್ಲಿ ಬಾಯಿಬಿಟ್ಟು ಬಿಡಿಸುವುದು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು. ಕನ್ನಡವೇ ಆಗಬೇಕೆಂದಿಲ್ಲ, ತಿರುನೆಲ್ವೇಲಿಯ ಹುಡುಗನೂ ಕಡಪದ ಹುಡುಗಿಯೂ ಬರುವುದಾಗಿ ತಿಳಿಸಿದ್ದಾರೆ. ಕನ್ನಡ ಸಂಘದಲ್ಲಿ ತಮಿಳಿನಲ್ಲಿ ಲೆಕ್ಕವೆ ಎಂದು ಹುಬ್ಬು ಗಂಟಿಕ್ಕಿದ ಹಿರಿಯರೊಬ್ಬರಿಗೆ, ಅವರ ಮೊಮ್ಮಕ್ಕಳು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆಂದು ಕೇಳಿದೆ, ಸುಮ್ಮನಾದರು. ನಿವೃತ್ತ ಇಂಜಿನಿಯರುಗಳಾದ ಸದಸ್ಯರು ಬಂದು ಪರೀಕ್ಷಕರ ಕುರ್ಚಿಯಲ್ಲಿ ಕೂರಬೇಕೆಂದು ಕೋರುತ್ತೇನೆ. ಒಂದೇ ಷರತ್ತು: ಉತ್ತರ ತಪ್ಪಾದಾಗ ತಪ್ಪಿದ ಬದಿಯನ್ನು ಬೆರಳಿಟ್ಟು ತೋರಿಸಬೇಕು. ಕರಿಹಲಗೆಯೊಂದು ಬೇಕಾಗಿದೆ, ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ, ಆಟೋ ಖರ್ಚು ಸಂಘ ಕೊಡುತ್ತದೆ.

ಅವನಿಗೆ ಮುಂದಿನ ತಿಂಗಳು ಇನ್ನೊಂದು ಕಡೆಯಿಂದ ಕರೆ ಬಂದಿದೆ. ಅಲ್ಲಿ ಯಾರಾದರೂ ಕೇಳಿದರೆ ಅಪ್ಪನೆಂದೇ ಹೇಳುತ್ತಾನೋ ಎಂದು ನಾನು ಕೇಳಿಲ್ಲ. ಈ ಪುಟಗಳ ಕರಡನ್ನೂ ಅವನೇ ತಿದ್ದಿದ್ದಾನೆ. ಕಾಲ್ಮನ್ ವಿಷಯದಲ್ಲಿ ನಾನು ಮಾಡಿದ್ದ ಎರಡು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಸರಿಪಡಿಸಿ, ಆನೆಯ ಸುಂಕದ ಮಾತಿನ ಪಕ್ಕದಲ್ಲಿ, ಆನೆ ಕಿವಿ ಅಗಲಿಸಿದರೆ ಬಸ್ಸನ್ನು ಎಷ್ಟು ದೂರ ಹಿಂದಕ್ಕೆ ತೆಗೆಯಬೇಕೆಂಬುದನ್ನು ಅಪ್ಪನನ್ನೇ ಕೇಳಿ ಮುಂದಿನ ಸಂಚಿಕೆಗೆ ಬರೆಯುವುದಾಗಿ ಅಂಚಿನಲ್ಲಿ ಗುರುತು ಹಾಕಿದ್ದಾನೆ.

ಸಂಪಾದಕ